ಗಂಟಿನ ಮೇಲೆ ನಿಂತ ಕಸುಬು: ಟ್ಯಾಟಿಂಗ್ ಲೇಸು, ಕೈಬಣ್ಣದ ದಾರ ಮತ್ತು ಅವುಗಳ ಬೆಲೆ

ಸೀರೆಗೆ ಕುಚ್ಚು ಕಟ್ಟುವುದು, ಕ್ರೋಶಾ ಹಾಕುವುದು ಕರ್ನಾಟಕದ ಅನೇಕ ಊರುಗಳಲ್ಲಿ ಮನೆಯಿಂದಲೇ ನಡೆಯುವ ಸಣ್ಣ ವ್ಯಾಪಾರವಾಗಿ ಬೆಳೆದಿದೆ. ವಾಟ್ಸಾಪ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಇಂಥ ಕೈಕೆಲಸ ಮಾರುವವರ ನಡುವೆ, ಸಣ್ಣ ಲಾಳಿಯಿಂದ ದಾರಕ್ಕೆ ಗಂಟು ಹಾಕುತ್ತಾ ಹೆಣೆಯುವ ಟ್ಯಾಟಿಂಗ್ ಲೇಸಿನ ಓಲೆ, ಕೊರಳಪಟ್ಟಿ, ಮಗುವಿನ ಅಂಗಿಯ ಅಂಚು, ಜೊತೆಗೆ ಮನೆಯಲ್ಲೇ ಬಣ್ಣ ಹಾಕಿದ ದಾರದ ಲಡಿಗಳೂ ಕಾಣಿಸುತ್ತವೆ. ನೋಡಿದವರಿಗೆ ಹುಟ್ಟುವ ಪ್ರಶ್ನೆ ಸಹಜವಾದದ್ದು. ಅಂಗಡಿಯಲ್ಲಿ ಲೇಸು ಮೀಟರಿನ ಲೆಕ್ಕದಲ್ಲಿ ಕೆಲವೇ ರೂಪಾಯಿಗೆ ಸಿಗುವಾಗ ಹೆಬ್ಬೆರಳಗಲದ ಒಂದು ಜೊತೆ ಓಲೆಗೆ ನೂರಾರು ರೂಪಾಯಿ ಏಕೆ? ಮಾಡುವವರಿಗೆ ಬೇರೆ ಚಿಂತೆಗಳಿವೆ: ಬಣ್ಣ ಬಿಡದಂತೆ ಮಾಡುವುದು ಹೇಗೆ, ಬೆಲೆ ಕಟ್ಟುವುದು ಹೇಗೆ, ಬೇರೆಯವರ ನಕ್ಷೆ ನೋಡಿ ಮಾಡಿದ್ದನ್ನು ಮಾರಬಹುದೇ. ಈ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಆರಂಭವಾಗುವುದು ಒಂದೇ ಜಾಗದಲ್ಲಿ, ಟ್ಯಾಟಿಂಗಿನ ಗಂಟು ಕಟ್ಟುವ ರೀತಿಯಲ್ಲಿ.

ಗಂಟು ಯಾವ ದಾರದ್ದು?

ಟ್ಯಾಟಿಂಗಿಗೆ ಬೇಕಾದ ಮುಖ್ಯ ಸಲಕರಣೆ ಶಟಲ್, ಅಂದರೆ ಬೆರಳುದ್ದದ ಒಂದು ಸಣ್ಣ ಲಾಳಿ. ಎರಡು ಬಾಗಿದ ಪಟ್ಟಿಗಳ ನಡುವೆ ಒಂದು ಕಂಬವಿದ್ದು, ದಾರವನ್ನು ಅದಕ್ಕೆ ಸುತ್ತಲಾಗುತ್ತದೆ. ಪಟ್ಟಿಗಳ ತುದಿಗಳು ಒಂದಕ್ಕೊಂದು ತಾಗಿಕೊಂಡಿರುವುದರಿಂದ ದಾರ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಕ್ರೋಶಾ ಕಡ್ಡಿ ಒಂದು ಕುಣಿಕೆಯೊಳಗಿಂದ ಮತ್ತೊಂದು ಕುಣಿಕೆಯನ್ನು ಎಳೆಯುತ್ತದೆ. ಆದ್ದರಿಂದಲೇ ಕ್ರೋಶಾ ಕೆಲಸದ ಕೊನೆಯ ತುದಿಯನ್ನು ಎಳೆದರೆ ಅದು ಸರಸರನೆ ಬಿಚ್ಚುತ್ತದೆ. ಟ್ಯಾಟಿಂಗ್‌ನಲ್ಲಿ ಕುಣಿಕೆಯಿಲ್ಲ, ಇರುವುದೆಲ್ಲ ಗಂಟೇ.

ಎಡಗೈಯ ಬೆರಳುಗಳ ಸುತ್ತ ದಾರವನ್ನು ಸುತ್ತಿಕೊಂಡು, ಬಲಗೈಯ ಶಟಲನ್ನು ಅದರ ಕೆಳಗಿಂದ ಮೇಲಕ್ಕೆ ಹಾಯಿಸಿದಾಗ ಶಟಲಿನ ದಾರವು ಕೈದಾರಕ್ಕೆ ಸುತ್ತಿಕೊಳ್ಳುತ್ತದೆ. ಆ ಕ್ಷಣದಲ್ಲಿ ಎಡಗೈಯ ಬೆರಳುಗಳನ್ನು ಸಡಿಲಿಸಿ ಶಟಲಿನ ದಾರವನ್ನು ಬಿಗಿಯಾಗಿ ಎಳೆದರೆ ಸುತ್ತು ಒಂದು ದಾರದಿಂದ ಇನ್ನೊಂದಕ್ಕೆ ದಾಟುತ್ತದೆ. ಈಗ ಗಂಟು ಹಾಕಿರುವುದು ಕೈದಾರ, ಅದರೊಳಗೆ ನೇರವಾಗಿ ಹಾದುಹೋಗಿರುವುದು ಶಟಲಿನ ದಾರ. ಈ ದಾಟಿಸುವಿಕೆಯನ್ನು ಫ್ಲಿಪ್ ಎನ್ನುತ್ತಾರೆ. ಕಲಿಯುವವರು ಹೆಚ್ಚು ಹೊತ್ತು ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ, ಏಕೆಂದರೆ ಫ್ಲಿಪ್ ಆಗದ ಗಂಟೂ ನೋಡುವುದಕ್ಕೆ ಬಹುಮಟ್ಟಿಗೆ ಸರಿಯಾಗಿಯೇ ಕಾಣುತ್ತದೆ; ಒಳದಾರವನ್ನು ಎಳೆದಾಗ ಮಾತ್ರ ಅದು ಜಾರುವುದಿಲ್ಲ. ಇಂಥ ಅರ್ಧಗಂಟನ್ನು ಒಮ್ಮೆ ಒಂದು ದಿಕ್ಕಿನಲ್ಲಿ, ಮತ್ತೊಮ್ಮೆ ಎದುರು ದಿಕ್ಕಿನಲ್ಲಿ ಹಾಕಿದರೆ ಒಂದು ಡಬಲ್ ಸ್ಟಿಚ್ ಪೂರ್ಣವಾಗುತ್ತದೆ. ಲೇಸು ಎಷ್ಟೇ ದೊಡ್ಡದಾಗಿರಲಿ, ಅದು ಈ ಒಂದೇ ಸ್ಟಿಚ್ಚಿನ ಪುನರಾವರ್ತನೆ.

ಗಂಟುಗಳು ಒಳದಾರದ ಮೇಲೆ ಜಾರಬಲ್ಲವು ಎಂಬುದೇ ಮುಂದಿನ ಆಕಾರಗಳಿಗೆಲ್ಲ ಆಧಾರ. ಬೇಕಾದಷ್ಟು ಸ್ಟಿಚ್ ಹಾಕಿ ಶಟಲಿನ ದಾರವನ್ನು ಎಳೆದರೆ, ಲಂಗದ ಲಾಡಿ ಎಳೆದಾಗ ನೆರಿಗೆಗಳು ಒತ್ತಾಗಿ ಸೇರಿಕೊಳ್ಳುವಂತೆ, ಸ್ಟಿಚ್ಚುಗಳೆಲ್ಲ ಒಂದುಗೂಡಿ ಉಂಗುರವಾಗಿ ಮುಚ್ಚಿಕೊಳ್ಳುತ್ತವೆ. ಇದು ರಿಂಗ್. ಎರಡನೆಯ ದಾರವೊಂದನ್ನು ಉಂಡೆಯಿಂದ ತಂದು ಅದನ್ನು ಕೈಯ ಸುತ್ತ ಪೂರ್ತಿ ಸುತ್ತದೆ ಬೆರಳ ಮೇಲೆ ಹಾಯಿಸಿ ಸ್ಟಿಚ್ ಹಾಕಿದರೆ ಬಾಗಿದ ಕಮಾನು ಸಿಗುತ್ತದೆ, ಅದು ಚೈನ್. ಎರಡು ಸ್ಟಿಚ್ಚುಗಳ ನಡುವೆ ಸ್ವಲ್ಪ ದಾರವನ್ನು ಖಾಲಿ ಬಿಟ್ಟು, ನಂತರ ಅವನ್ನು ಹತ್ತಿರಕ್ಕೆ ಸರಿಸಿದರೆ ಆ ಖಾಲಿ ದಾರ ಪುಟ್ಟ ಕಿವಿಯಾಗಿ ಮೇಲೇಳುತ್ತದೆ. ಇದಕ್ಕೆ ಪೀಕೋ ಎಂದು ಹೆಸರು. ಪೀಕೋ ಅಲಂಕಾರಕ್ಕೂ ಆಗುತ್ತದೆ, ಪಕ್ಕದ ರಿಂಗನ್ನು ಸೇರಿಸುವ ಕೊಂಡಿಯೂ ಆಗುತ್ತದೆ.

ಈ ಕೊಂಡಿಯ ಬಳಕೆ ತಡವಾಗಿ ಬಂದದ್ದು. ಯುರೋಪಿನ ಸಿರಿವಂತ ಮಹಿಳೆಯರು 18ನೆಯ ಶತಮಾನದಲ್ಲಿ ಶಟಲ್ ಹಿಡಿದು ದಾರಕ್ಕೆ ಗಂಟು ಹಾಕುತ್ತಿದ್ದರಾದರೂ ಅದು ಬಟ್ಟೆಯ ಮೇಲೆ ಹೊಲಿಯುವುದಕ್ಕಾಗಿ ಮಾಡುತ್ತಿದ್ದ ಗಂಟುದಾರವಷ್ಟೇ. ಇಂದಿನ ಟ್ಯಾಟಿಂಗ್ ರೂಪುಗೊಂಡದ್ದು 19ನೆಯ ಶತಮಾನದಲ್ಲಿ. ಮೊದಮೊದಲು ರಿಂಗ್‌ಗಳನ್ನು ಬಿಡಿಬಿಡಿಯಾಗಿ ಮಾಡಿ ಆಮೇಲೆ ಸೂಜಿಯಿಂದ ಕಟ್ಟುತ್ತಿದ್ದರು. ಲಂಡನ್ನಿನಲ್ಲಿ ಕೈಕೆಲಸದ ಪುಸ್ತಿಕೆಗಳನ್ನು ಹೊರತರುತ್ತಿದ್ದ ಎಲಿಯನೋರ್ ರೀಗೋ ದ ಲಾ ಬ್ರಾಂಶಾರ್ದಿಯೇರ್ 1850ರ ದಶಕದಲ್ಲಿ, ಪೀಕೋವಿನ ಮೂಲಕ ಕೆಲಸದ ನಡುವೆಯೇ ಜೋಡಿಸುವ ವಿಧಾನವನ್ನು ಪ್ರಚಾರಕ್ಕೆ ತಂದರು. ಬಿಡಿ ಹೂಗಳು ಹೆಣೆದ ಲೇಸಾಗಲು ಸಾಧ್ಯವಾದದ್ದು ಅದರಿಂದ.

ವಿನ್ಯಾಸ ಎಂದರೆ ಎಣಿಕೆ

ಟ್ಯಾಟಿಂಗ್ ನಕ್ಷೆಯಲ್ಲಿ «ರಿಂಗ್ 5–5–5–5» ಎಂದು ಬರೆದಿದ್ದರೆ ಐದು ಸ್ಟಿಚ್, ಒಂದು ಪೀಕೋ, ಮತ್ತೆ ಐದು ಸ್ಟಿಚ್, ಹೀಗೆ ಒಟ್ಟು ಇಪ್ಪತ್ತು ಸ್ಟಿಚ್ ಮತ್ತು ಮೂರು ಪೀಕೋ ಎಂದರ್ಥ. ಓದುವುದು ಸುಲಭ, ಆ ಸಂಖ್ಯೆಗಳನ್ನು ಹೊಂದಿಸುವುದು ಸುಲಭವಲ್ಲ. ಒಂದು ವೃತ್ತಾಕಾರದ ಹೂವನ್ನು ತೆಗೆದುಕೊಳ್ಳಿ. ನಡುವೆ ಒಂದು ರಿಂಗ್, ಸುತ್ತ ಹನ್ನೆರಡು ಸಣ್ಣ ರಿಂಗ್, ಅವುಗಳ ನಡುವೆ ಹನ್ನೆರಡು ಚೈನ್. ಹೊರಸುತ್ತಿನ ಚೈನ್‌ಗಳಲ್ಲಿ ಸ್ಟಿಚ್ ಕಡಿಮೆಯಾದರೆ ಪರಿಧಿ ಸಾಲದೆ ಹೂವು ಬಟ್ಟಲಾಗಿ ಏಳುತ್ತದೆ. ಹೆಚ್ಚಾದರೆ ಅಂಚು ನಿರಿಗೆಗಟ್ಟುತ್ತದೆ. ಪ್ರತಿ ಚೈನಿಗೆ ಒಂದೇ ಸ್ಟಿಚ್ ಸೇರಿಸಿದರೂ ಇಡೀ ಸುತ್ತಿಗೆ ಹನ್ನೆರಡು ಸ್ಟಿಚ್ ಸೇರಿದಂತಾಯಿತು. ಜೊತೆಗೆ ಪೀಕೋವಿನ ಎತ್ತರ, ದಾರದ ದಪ್ಪ, ಹಾಕುವವರ ಕೈಬಿಗಿ ಇವೂ ಅಳತೆಯನ್ನು ಬದಲಿಸುತ್ತವೆ. ಕಾಗದದ ಮೇಲೆ ಸರಿಯೆನಿಸಿದ ನಕ್ಷೆಯನ್ನು ದಾರದಲ್ಲಿ ಹಲವು ಸಲ ಹಾಕಿ ನೋಡದೆ ಅಂತಿಮಗೊಳಿಸಲಾಗದು. ನಕ್ಷೆಗಳನ್ನು ಮಾರುವವರು ಬೇರೆ ಕೈಗಳಿಗೆ ಕೊಟ್ಟು ಪರೀಕ್ಷೆ ಮಾಡಿಸುವುದೂ ಇದಕ್ಕಾಗಿಯೇ.

ತಪ್ಪಿನ ಬೆಲೆಯೂ ಇಲ್ಲಿ ದುಬಾರಿ. ಮುಚ್ಚಿದ ರಿಂಗನ್ನು ಮತ್ತೆ ತೆರೆಯುವುದು ಬಹಳ ಕಷ್ಟ. ಪೀಕೋ ಇರುವ ಜಾಗದಲ್ಲಿ ಸ್ಟಿಚ್ಚುಗಳನ್ನು ಬಿಡಿಸಿ, ಒಳದಾರವನ್ನು ಸೂಜಿಮೊನೆಯಿಂದ ಹಿಡಿದೆಳೆದು ಕೆಲವೊಮ್ಮೆ ತೆರೆಯಬಹುದು. ಆಗದಿದ್ದರೆ ಕತ್ತರಿಯೇ ಗತಿ. ಕತ್ತರಿಸಿದ ಕಡೆ ಹೊಸ ದಾರ ಸೇರಿಸಿ, ತುದಿಗಳನ್ನು ಸ್ಟಿಚ್ಚುಗಳೊಳಗೆ ಅಡಗಿಸಿ ಹೊಲಿಯಬೇಕು. ಶಟಲಿನಲ್ಲಿ ಹಿಡಿಸುವ ದಾರವೂ ಮಿತವಾದ್ದರಿಂದ, ತಪ್ಪೇ ಇಲ್ಲದ ಉದ್ದನೆಯ ಅಂಚಿನಲ್ಲೂ ಇಂಥ ಸೇರ್ಪಡೆಗಳು ಇರುತ್ತವೆ. ಒಳ್ಳೆಯ ಕೆಲಸವನ್ನು ಗುರುತಿಸಬೇಕೆಂದರೆ ಮುಮ್ಮುಖಕ್ಕಿಂತ ಈ ತುದಿಗಳನ್ನು ಹುಡುಕಿ ನೋಡುವುದು ಲೇಸು.

ಎಂಥ ದಾರ ಬೇಕು

ಒಳದಾರ ಜಾರಬೇಕು, ಹೊರದಾರ ಸೀಳಬಾರದು. ಹಾಗಾಗಿ ಬಿಗಿಯಾಗಿ ಹುರಿಗೊಳಿಸಿದ, ನಯವಾದ ಹತ್ತಿದಾರ ಇದಕ್ಕೆ ಸೂಕ್ತ. ಕಸೂತಿಗೆ ಬಳಸುವ ಆರೆಳೆಯ ಸಡಿಲ ದಾರವನ್ನು ತಂದು ಆರಂಭಿಸಿದವರಿಗೆ ಎಳೆಗಳು ಬಿಡಿಸಿಕೊಂಡು, ರಿಂಗ್ ಅರ್ಧಕ್ಕೇ ನಿಂತುಬಿಡುತ್ತದೆ. ಕ್ರೋಶಾ ಮತ್ತು ಟ್ಯಾಟಿಂಗ್ ದಾರಗಳಿಗೆ 10, 20, 40, 80 ಎಂಬಂಥ ಸಂಖ್ಯೆಗಳಿದ್ದು, ಸಂಖ್ಯೆ ಹೆಚ್ಚಿದಷ್ಟೂ ದಾರ ತೆಳು. ಕಲಿಯುವುದಕ್ಕೆ 10 ಅಥವಾ 20, ಸೂಕ್ಷ್ಮ ಆಭರಣಕ್ಕೆ 40ರಿಂದ 80 ಎಂಬುದು ಸಾಮಾನ್ಯ ರೂಢಿ.

ಈ ದಾರಗಳ ಹೊಳಪಿನ ಹಿಂದೆ ಒಂದು ರಾಸಾಯನಿಕ ಕ್ರಿಯೆಯಿದೆ. ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿದರೆ ಎಳೆ ಉಬ್ಬಿ, ಗಟ್ಟಿಯಾಗಿ, ಬಣ್ಣವನ್ನು ಚೆನ್ನಾಗಿ ಹೀರುತ್ತದೆ ಎಂಬುದನ್ನು ಇಂಗ್ಲೆಂಡಿನ ಜಾನ್ ಮರ್ಸರ್ ಕಂಡುಕೊಂಡು 1850ರಲ್ಲಿ ಪೇಟೆಂಟ್ ಪಡೆದರು. ದಾರವನ್ನು ಎಳೆದು ಹಿಡಿದು ಅದೇ ಕ್ರಿಯೆ ನಡೆಸಿದರೆ ರೇಷ್ಮೆಯಂಥ ಹೊಳಪು ಬರುತ್ತದೆ ಎಂಬುದನ್ನು ಹೊರೇಸ್ ಲೋವ್ ತೋರಿಸಿಕೊಟ್ಟದ್ದು ಸುಮಾರು 1890ರಲ್ಲಿ. ಮರ್ಸರೈಸ್ಡ್ ಎಂದು ಲೇಬಲ್ ಹೇಳುವುದು ಇದನ್ನೇ, ಮತ್ತು ಕೈಬಣ್ಣ ಹಾಕುವವರು ಇಂಥ ಬಿಳಿದಾರವನ್ನೇ ಹುಡುಕುವುದಕ್ಕೆ ಕಾರಣವೂ ಇದೇ.

ನಮ್ಮಲ್ಲಿ ಕುಚ್ಚಿಗೆಂದು ಮಾರುವ «ಸಿಲ್ಕ್ ಥ್ರೆಡ್» ಬಹುಪಾಲು ರೇಷ್ಮೆಯಲ್ಲ, ವಿಸ್ಕೋಸ್ ಅಥವಾ ಪಾಲಿಯೆಸ್ಟರ್. ವಿಸ್ಕೋಸ್ ಮರದ ತಿರುಳಿನಿಂದ ಬರುವಂಥದ್ದಾದ್ದರಿಂದ ಹತ್ತಿಯ ಬಣ್ಣಗಳನ್ನೇ ಹಿಡಿಯುತ್ತದೆ, ಪಾಲಿಯೆಸ್ಟರ್ ಹಿಡಿಯುವುದಿಲ್ಲ. ಅನುಮಾನವಿದ್ದರೆ ತುಣುಕೊಂದನ್ನು ಜೋಪಾನವಾಗಿ ಸುಟ್ಟು ನೋಡಬಹುದು. ಹತ್ತಿ ಮತ್ತು ವಿಸ್ಕೋಸ್ ಕಾಗದದ ವಾಸನೆ ಬೀರಿ ಮೆತ್ತನೆಯ ಬೂದಿಯಾಗುತ್ತವೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಬಣ್ಣ ಹತ್ತುವುದು ಹೇಗೆ, ಬಿಡುವುದು ಏಕೆ

ಕೈಬಣ್ಣದ ದಾರದ ಬಗೆಗಿನ ದೂರುಗಳಲ್ಲಿ ಮೊದಲನೆಯದು «ಬಣ್ಣ ಬಿಟ್ಟಿತು» ಎಂಬುದು. ಇದನ್ನು ತಿಳಿಯಲು ಬಣ್ಣ ನೂಲಿನ ಮೇಲೆ ಕೂರುವುದಕ್ಕೂ ನೂಲಿಗೆ ಬೆಸೆದುಕೊಳ್ಳುವುದಕ್ಕೂ ಇರುವ ವ್ಯತ್ಯಾಸ ತಿಳಿಯಬೇಕು. ಹತ್ತಿಯು ಸೆಲ್ಯುಲೋಸ್ ಎಂಬ ವಸ್ತುವಿನಿಂದಾದದ್ದು. ಬ್ರಿಟನ್ನಿನ ಐ.ಸಿ.ಐ. ಕಂಪನಿ 1956ರಲ್ಲಿ ಮಾರುಕಟ್ಟೆಗೆ ತಂದ ಪ್ರೋಸಿಯಾನ್ ಬಣ್ಣಗಳು ಈ ಸೆಲ್ಯುಲೋಸ್‌ನೊಡನೆ ನೇರವಾಗಿ ರಾಸಾಯನಿಕ ಬಂಧ ಬೆಸೆಯಬಲ್ಲ ಮೊದಲ ಬಣ್ಣಗಳು. ಇವನ್ನು ರಿಯಾಕ್ಟಿವ್ ಬಣ್ಣಗಳೆನ್ನುತ್ತಾರೆ. ಕುದಿಸದೆ, ಕೋಣೆಯ ಉಷ್ಣತೆಯಲ್ಲೇ ಕೆಲಸ ಮಾಡುವ ಬಗೆಯೇ ಮನೆಯಲ್ಲಿ ಬಣ್ಣ ಹಾಕುವವರಿಗೆ ಒದಗುವಂಥದ್ದು.

ಬಂಧ ಬೆಸೆಯಲು ಕ್ಷಾರ ಬೇಕು. ಅದಕ್ಕಾಗಿ ಸೋಡಾ ಆಶ್, ಅಂದರೆ ಸೋಡಿಯಂ ಕಾರ್ಬೊನೇಟ್ ಬಳಸಲಾಗುತ್ತದೆ. ಅಡುಗೆ ಸೋಡಾ ಇದಕ್ಕೆ ಸಾಲದು. ದಾರವನ್ನು ಮುಂಚಿತವಾಗಿ ನೆನೆಸಲು ಲೀಟರ್ ನೀರಿಗೆ ಸುಮಾರು 60 ಗ್ರಾಂ ಒಣ ಸೋಡಾ ಆಶ್ ಎಂಬುದು ಚಾಲ್ತಿಯಲ್ಲಿರುವ ಪ್ರಮಾಣ. ಹರಳಾಗಿ ಸಿಗುವ ವಾಷಿಂಗ್ ಸೋಡಾ ತನ್ನ ತೂಕದ ಅರ್ಧಕ್ಕಿಂತ ಹೆಚ್ಚು ನೀರನ್ನೇ ಹಿಡಿದುಕೊಂಡಿರುವುದರಿಂದ, ಅದನ್ನು ಬಳಸುವುದಾದರೆ ಸರಿಸುಮಾರು ಎರಡೂಮುಕ್ಕಾಲು ಪಟ್ಟು ತೂಕ ಬೇಕಾಗುತ್ತದೆ. ಪೇಲವ ಬಣ್ಣ ಬಂತೆಂದು ಬಣ್ಣದ ಪುಡಿಯನ್ನು ದೂರುವ ಮೊದಲು ಈ ಲೆಕ್ಕವನ್ನು ಪರಿಶೀಲಿಸುವುದು ಒಳ್ಳೆಯದು.

ಕೆಲಸದ ಕ್ರಮ ಹೀಗಿರುತ್ತದೆ. ಬಿಳಿದಾರವನ್ನು ಉಂಡೆಯಿಂದ ಬಿಡಿಸಿ ದೊಡ್ಡ ಸುತ್ತಿನ ಲಡಿಯಾಗಿ ಸುತ್ತಿ, ನಾಲ್ಕಾರು ಕಡೆ ಸಡಿಲವಾಗಿ ಕಟ್ಟಬೇಕು. ಬಿಗಿಯಾಗಿ ಕಟ್ಟಿದಲ್ಲಿ ಬಿಳಿ ಕಲೆ ಉಳಿಯುತ್ತದೆ, ಕಟ್ಟದೇ ಬಿಟ್ಟರೆ ಲಡಿ ಸಿಕ್ಕಾಗಿ ಆ ದಾರವೇ ಹಾಳು. ಬಿಸಿನೀರು, ಸ್ವಲ್ಪ ಸೋಡಾ, ಡಿಟರ್ಜೆಂಟ್ ಹಾಕಿ ಮೇಣ ಮತ್ತು ಜಿಡ್ಡನ್ನು ತೊಳೆದ ಮೇಲೆ ಸೋಡಾ ಆಶ್ ನೀರಿನಲ್ಲಿ ನೆನೆಸಿ ಹಿಂಡಬೇಕು. ಪ್ಲಾಸ್ಟಿಕ್ ಹಾಳೆಯ ಮೇಲೆ ಲಡಿಯನ್ನು ಹರಡಿ ಬಾಟಲಿ ಅಥವಾ ಬ್ರಶ್‌ನಿಂದ ಬಣ್ಣ ಹಾಕಿ, ಒಣಗದಂತೆ ಸುತ್ತಿ, ಒಂದು ರಾತ್ರಿಯಿಂದ ಒಂದು ದಿನದವರೆಗೆ ಇಡಬೇಕು. ಕೋಣೆ 21 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಕ್ರಿಯೆ ನಿಧಾನವಾಗುತ್ತದೆ. ಕರಾವಳಿಯವರಿಗೆ ಈ ಚಿಂತೆಯಿಲ್ಲ, ಡಿಸೆಂಬರಿನ ಬೆಂಗಳೂರಿನಲ್ಲಿ ಇದೆ. ಎಲ್ಲ ಬಣ್ಣಗಳ ವೇಗವೂ ಒಂದೇ ಅಲ್ಲ, ವಿಶೇಷವಾಗಿ ಟರ್ಕಾಯ್ಸ್ ನೀಲಿ ಉಳಿದವಕ್ಕಿಂತ ನಿಧಾನ, ಬೆಚ್ಚಗಿನ ಜಾಗ ಬೇಡುತ್ತದೆ.

ಬಣ್ಣ ಬಿಡುವ ದೂರು ಹುಟ್ಟುವುದು ಇದರ ನಂತರದ ತೊಳೆತದಲ್ಲಿ. ಹಾಕಿದ ಬಣ್ಣವೆಲ್ಲ ನೂಲಿಗೆ ಬೆಸೆಯುವುದಿಲ್ಲ, ಒಂದು ಪಾಲು ನೀರಿನೊಡನೆಯೇ ಕ್ರಿಯೆ ನಡೆಸಿ ನಿಷ್ಕ್ರಿಯವಾಗುತ್ತದೆ. ಈ ಪಾಲು ನೂಲಿನ ನಡುವೆ ಸುಮ್ಮನೆ ಸಿಕ್ಕಿಕೊಂಡಿದ್ದು, ಕಣ್ಣಿಗೆ ಗಾಢವಾದ ಬಣ್ಣವಾಗಿಯೇ ಕಾಣುತ್ತದೆ. ಮೊದಲು ತಣ್ಣೀರಿನಲ್ಲಿ ಸೋಡಾ ಹೋಗುವಂತೆ, ಆಮೇಲೆ ಚೆನ್ನಾಗಿ ಬಿಸಿಯಾದ ನೀರಿನಲ್ಲಿ ಮತ್ತೆ ಮತ್ತೆ ತೊಳೆದರೆ ಮಾತ್ರ ಅದು ಹೊರಬರುತ್ತದೆ. ಉಪ್ಪು, ವಿನೆಗರ್ ಹಾಕಿ ಬಣ್ಣ «ಕೂರಿಸಬಹುದು» ಎಂಬ ಸಲಹೆ ಇಲ್ಲಿ ನಿಷ್ಪ್ರಯೋಜಕ. ಬೆಸೆಯದ ಬಣ್ಣವನ್ನು ವಿನೆಗರ್ ಬೆಸೆಯಲಾರದು. ಮಾರುವ ಮೊದಲು ಒದ್ದೆ ದಾರವನ್ನು ಬಿಳಿಬಟ್ಟೆಯ ನಡುವೆ ಒತ್ತಿ ರಾತ್ರಿಯಿಡೀ ಇಟ್ಟು ನೋಡುವುದು ಸರಳ ಪರೀಕ್ಷೆ.

ಇದು ಅಡುಗೆಮನೆಯ ಪಾತ್ರೆಗಳಲ್ಲಿ ಮಾಡುವ ಕೆಲಸವಲ್ಲ. ರಿಯಾಕ್ಟಿವ್ ಬಣ್ಣದ ಪುಡಿಯನ್ನು ಉಸಿರಾಡಿದರೆ ಕೆಲವರಲ್ಲಿ ಶ್ವಾಸದ ಅಲರ್ಜಿ ಉಂಟಾಗುತ್ತದೆ, ಮತ್ತು ಅದು ಒಮ್ಮೆ ಬಂದರೆ ಮುಂದೆ ಅಲ್ಪ ಪುಡಿಗೂ ಕೆರಳಬಹುದು. ಪುಡಿ ಕಲಸುವಾಗ ಮಾಸ್ಕ್, ಕೈಗವಸು, ಬೇರೆಯದೇ ಪಾತ್ರೆ, ಚಮಚಗಳು ಬೇಕು.

ರೇಷ್ಮೆಯ ದಾರಿ ಬೇರೆ. ಅದು ಪ್ರೋಟೀನು, ತೀಕ್ಷ್ಣ ಕ್ಷಾರ ಅದನ್ನು ಕೆಡಿಸುತ್ತದೆ. ಅದಕ್ಕೆ ಆಸಿಡ್ ಬಣ್ಣ, ವಿನೆಗರ್‌ನಂಥ ಆಮ್ಲ ಮತ್ತು ಬಿಸಿ ಬೇಕು. ದೇಶದಲ್ಲಿ ಅತಿಹೆಚ್ಚು ಕಚ್ಚಾ ರೇಷ್ಮೆ ತೆಗೆಯುವ ಕರ್ನಾಟಕದಲ್ಲಿ ರೇಷ್ಮೆದಾರದ ಟ್ಯಾಟಿಂಗ್ ಪ್ರಯತ್ನಿಸುವವರು, ಹತ್ತಿಗೆ ಬಳಸಿದ ಸೋಡಾ ನೀರಿಗೆ ಅದನ್ನು ಅದ್ದದಿರುವುದು ಕ್ಷೇಮ. ಇನ್ನು ಸಹಜ ಬಣ್ಣಗಳೆಂದರೆ ಅರಿಸಿನ ಎಲ್ಲರಿಗೂ ಮೊದಲು ನೆನಪಾಗುತ್ತದೆ. ಆದರೆ ಅದು ಬಿಸಿಲಿಗೆ ಬೇಗ ಮಾಸುತ್ತದೆ, ಸೋಪು ತಾಗಿದರೆ ಕೆಂಪಾಗುತ್ತದೆ. ಅಳಲೆಕಾಯಿ ಮತ್ತು ಸ್ಫಟಿಕದಿಂದ (ಆಲಂ) ಹದಗೊಳಿಸಿದ ಹತ್ತಿಯ ಮೇಲೆ ಮಂಜಿಷ್ಠದ ಬೇರಿನ ಕೆಂಪುಬಣ್ಣ ಅದಕ್ಕಿಂತ ಎಷ್ಟೋ ಗಟ್ಟಿಯಾಗಿ ನಿಲ್ಲುತ್ತದೆ.

ಲಡಿಯಲ್ಲಿ ಕಂಡ ಬಣ್ಣ ಲೇಸಿನಲ್ಲಿ ಏಕೆ ಕಾಣುವುದಿಲ್ಲ

ಬಹುವರ್ಣದ ಲಡಿ ಕೊಂಡವರು ಲೇಸು ಹಾಕಿದ ಮೇಲೆ ನಿರಾಶರಾಗುವುದುಂಟು. ಕಾರಣ ಮತ್ತೆ ಗಂಟು. ರಿಂಗ್‌ನಲ್ಲಿ ಕಣ್ಣಿಗೆ ಕಾಣುವುದು ಶಟಲಿನಿಂದ ಬಂದ ದಾರದ ಬಣ್ಣ, ಚೈನ್‌ನಲ್ಲಿ ಕಾಣುವುದು ಉಂಡೆಯ ದಾರದ ಬಣ್ಣ. ಚೈನ್ ಹಾಕುವಾಗ ಶಟಲಿನ ದಾರ ಗಂಟುಗಳೊಳಗೆ ಅಡಗಿ ಮುಂದೆ ಸಾಗುತ್ತದೆ. ಅಷ್ಟು ಉದ್ದದ ಬಣ್ಣ ಕಾಣದೆಯೇ ಖರ್ಚಾಗಿರುತ್ತದೆ. ಎರಡು ಬಣ್ಣಗಳ ಲೇಸು ಬೇಕಾದರೆ ಶಟಲಿಗೆ ಒಂದು, ಉಂಡೆಗೆ ಒಂದು ಎಂದು ಆರಿಸಿಕೊಂಡರೆ ಸಾಕು, ನಕ್ಷೆ ತಾನೇ ಹಂಚುತ್ತದೆ.

ಬಹುವರ್ಣದ ದಾರಕ್ಕೆ ಅಳತೆ ಬೇಕು. ದಾರದ ಮೇಲೆ ಗುರುತು ಹಾಕಿ ಹತ್ತು ಸ್ಟಿಚ್ ಹಾಕಿ, ಬಿಚ್ಚಿ, ಖರ್ಚಾದ ಉದ್ದವನ್ನು ಅಳೆದರೆ ಒಂದು ರಿಂಗಿಗೆ ಎಷ್ಟು ಬೇಕೆಂದು ತಿಳಿಯುತ್ತದೆ. ಒಂದು ರಿಂಗ್ 12 ಸೆಂಟಿಮೀಟರ್ ನುಂಗುತ್ತದೆ ಎಂದಿಟ್ಟುಕೊಳ್ಳೋಣ. ದಾರದಲ್ಲಿ ಪ್ರತಿ ಬಣ್ಣವೂ 3 ಸೆಂಟಿಮೀಟರ್ ಇದ್ದರೆ ಒಂದೇ ರಿಂಗ್‌ನಲ್ಲಿ ನಾಲ್ಕು ಬಣ್ಣ ಚುಕ್ಕೆಚುಕ್ಕೆಯಾಗಿ ಬಂದು, ನಕ್ಷೆಯ ಗೆರೆಯೇ ಮರೆಯಾಗುತ್ತದೆ. ಪ್ರತಿ ಬಣ್ಣ 50 ಸೆಂಟಿಮೀಟರ್ ಇದ್ದರೆ ನಾಲ್ಕು ರಿಂಗ್‌ಗಳು ಒಂದೇ ಬಣ್ಣದಲ್ಲಿ ಬಂದು ಐದನೆಯದು ಬಣ್ಣ ಬದಲಿಸುತ್ತದೆ. ಈ ಉದ್ದವನ್ನು ನಿರ್ಧರಿಸುವುದು ಲಡಿಯ ಸುತ್ತಳತೆ: ಒಂದೂವರೆ ಮೀಟರ್ ಸುತ್ತಿನ ಲಡಿಯನ್ನು ಮೂರು ಸಮಭಾಗವಾಗಿ ಬಣ್ಣಿಸಿದರೆ ತಲಾ 50 ಸೆಂಟಿಮೀಟರ್. ಎರಡು ಬಣ್ಣ ಕೂಡುವ ಗಡಿಯಲ್ಲಿ ಅವು ಬೆರೆಯುವುದರಿಂದ ಕೆಂಪು, ಹಸಿರುಗಳನ್ನು ಅಕ್ಕಪಕ್ಕ ಹಾಕಿದರೆ ನಡುವೆ ಕೆಸರುಬಣ್ಣ ಬರುತ್ತದೆ. ದಾರ ಮಾರುವವರು ಲೇಬಲಿನಲ್ಲಿ ದಾರದ ಸಂಖ್ಯೆ, ಮೀಟರ್, ನೂಲಿನ ಬಗೆಗಳ ಜೊತೆಗೆ ಪ್ರತಿ ಬಣ್ಣದ ಉದ್ದವನ್ನೂ ಬರೆದರೆ, ಒಂದು ಸಣ್ಣ ಮಾದರಿ ಹೂವನ್ನು ಹಾಕಿ ತೋರಿಸಿದರೆ, ಕೊಳ್ಳುವವರ ಅರ್ಧ ಗೊಂದಲ ಕಳೆಯುತ್ತದೆ.

ಬೆಲೆಯ ಲೆಕ್ಕ

ಒಂದು ಜೊತೆ ಓಲೆಗೆ ದಾರ ಕೆಲವು ಮೀಟರ್ ಮಾತ್ರ. ಸಾಮಗ್ರಿ ನೋಡಿ ಬೆಲೆ ಕಟ್ಟಿದರೆ ಅದು ತಪ್ಪಾಗುವುದು ಖಚಿತ. ಉದಾಹರಣೆಗಾಗಿ, ಒಂದು ಜೊತೆಗೆ ತುದಿ ಅಡಗಿಸುವುದು, ನೀರು ಸಿಂಪಡಿಸಿ ಪಿನ್ ಚುಚ್ಚಿ ಒಣಗಿಸುವುದು, ಗಂಜಿ ಹಾಕುವುದು, ಕೊಕ್ಕೆ ಸೇರಿಸುವುದು ಎಲ್ಲ ಸೇರಿ ಮೂರು ಗಂಟೆ, ಸಾಮಗ್ರಿ ಮತ್ತು ಪ್ಯಾಕಿಂಗ್‌ಗೆ 50 ರೂಪಾಯಿ ಎನ್ನೋಣ. 150 ರೂಪಾಯಿಗೆ ಮಾರಿದರೆ ಗಂಟೆಗೆ ಉಳಿಯುವುದು 33 ರೂಪಾಯಿ. ಗಂಟೆಗೆ 80 ರೂಪಾಯಿ ಎಂದು ಹಿಡಿದರೂ ಬೆಲೆ 290 ಆಗುತ್ತದೆ. ಆನ್‌ಲೈನ್ ಮಾರಾಟ ತಾಣದ ಕಮಿಷನ್, ಅಂಚೆ, ಕೆಟ್ಟುಹೋದ ಮಾದರಿಗಳ ಪಾಲು ಇದರ ಮೇಲೆ.

ಈ ಲೆಕ್ಕವನ್ನು ಮಾಡದಿರುವುದರ ಪರಿಣಾಮ ನೆರೆರಾಜ್ಯದಲ್ಲೇ ದಾಖಲಾಗಿದೆ. ಆಂಧ್ರದ ಪಶ್ಚಿಮ ಗೋದಾವರಿಯ ನರಸಾಪುರ ಕ್ರೋಶಾ ಲೇಸಿಗೆ ಹೆಸರುವಾಸಿ. ಅದಕ್ಕೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿನ ಲೇಸು ಹೆಣೆಯುವ ಮಹಿಳೆಯರ ಕುರಿತು ನಡೆಸಿದ ಅಧ್ಯಯನ 1982ರಲ್ಲಿ ಪ್ರಕಟವಾಯಿತು. ಮಹಿಳೆಯರು ದಿನದ ಹಲವು ಗಂಟೆ ದುಡಿದರೂ ಅದನ್ನು ಗೃಹಿಣಿಯರ ಬಿಡುವಿನ ವೇಳೆಯ ಕೆಲಸವೆಂದು ಎಣಿಸಿದ್ದರಿಂದ ಕೂಲಿ ತೀರ ಕೆಳಮಟ್ಟದಲ್ಲಿತ್ತು, ಲಾಭ ವ್ಯಾಪಾರಿಗಳ ಮತ್ತು ರಫ್ತುದಾರರ ಪಾಲಾಗುತ್ತಿತ್ತು ಎಂಬುದು ಅದರ ಮುಖ್ಯ ನಿರೂಪಣೆ. ಅದು ಟ್ಯಾಟಿಂಗ್ ಅಲ್ಲ, ಕ್ರೋಶಾ. ಲೆಕ್ಕದಲ್ಲಿ ಮಾತ್ರ ಯಾವ ವ್ಯತ್ಯಾಸವೂ ಇಲ್ಲ. ದಾರ ಮತ್ತು ನಕ್ಷೆ ಮಾರುವವರಿಗೆ ಇಲ್ಲಿ ಒಂದು ಅನುಕೂಲವಿದೆ. ಒಂದೇ ಬಾರಿಗೆ ಹತ್ತಾರು ಲಡಿಗಳಿಗೆ ಬಣ್ಣ ಹಾಕಬಹುದು, ಒಮ್ಮೆ ಬರೆದ ನಕ್ಷೆಯನ್ನು ಪಿ.ಡಿ.ಎಫ್. ರೂಪದಲ್ಲಿ ಎಷ್ಟು ಸಲವಾದರೂ ಮಾರಬಹುದು. ಲೇಸನ್ನು ಮಾತ್ರ ಪ್ರತಿ ಸಲವೂ ಮೊದಲ ಗಂಟಿನಿಂದಲೇ ಆರಂಭಿಸಬೇಕು.

ನಕ್ಷೆ ಯಾರದು?

ಡಬಲ್ ಸ್ಟಿಚ್, ರಿಂಗ್, ಪೀಕೋ ಇವು ಯಾರ ಸೊತ್ತೂ ಅಲ್ಲ. ಆದರೆ ಒಬ್ಬರು ಬರೆದ ನಕ್ಷೆಯ ಚಿತ್ರ, ವಿವರಣೆ, ಫೋಟೊಗಳಿಗೆ ಭಾರತದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಯ ರಕ್ಷಣೆಯಿದೆ. ಹಣ ಕೊಟ್ಟು ಕೊಂಡ ಪಿ.ಡಿ.ಎಫ್. ಅನ್ನು ವಾಟ್ಸಾಪ್ ಗುಂಪಿಗೆ ಹಾಕುವುದು ಈ ಹಕ್ಕಿನ ಉಲ್ಲಂಘನೆಯಾಗುತ್ತದೆ. ವಸ್ತುವಿನ ಹೊರರೂಪದ ಹೊಸ ವಿನ್ಯಾಸವನ್ನು 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿದರೆ ಹತ್ತು ವರ್ಷ, ನವೀಕರಿಸಿದರೆ ಇನ್ನೂ ಐದು ವರ್ಷ ರಕ್ಷಣೆ ದೊರೆಯುತ್ತದೆ. ಪ್ರಕಟಿಸುವ ಮೊದಲೇ ಅರ್ಜಿ ಹಾಕಬೇಕು ಎಂಬುದನ್ನು ಹಲವರು ಮರೆಯುತ್ತಾರೆ. ನಕ್ಷೆ ನೋಡಿ ಮಾಡಿದ ಲೇಸನ್ನು ಮಾರುವ ವಿಷಯದಲ್ಲಿ ವಿನ್ಯಾಸಕಾರರು ಬೇರೆ ಬೇರೆ ಷರತ್ತು ಹಾಕಿರುತ್ತಾರೆ. ಕೆಲವರು ಹೆಸರು ಹೇಳಿದರೆ ಸಾಕೆನ್ನುತ್ತಾರೆ, ಕೆಲವರು ಮಾರಾಟವನ್ನೇ ನಿಷೇಧಿಸುತ್ತಾರೆ. ನಕ್ಷೆಯ ಮೊದಲ ಪುಟದಲ್ಲಿ ಅದನ್ನು ಓದಿಕೊಳ್ಳುವುದು, ಇಲ್ಲದಿದ್ದರೆ ಬರೆದು ಕೇಳುವುದು ಸರಿಯಾದ ದಾರಿ.

ಕೊಳ್ಳುವವರಿಗೆ

ಯಂತ್ರದ ಲೇಸಿನಲ್ಲಿ ಟ್ಯಾಟಿಂಗಿನ ಆಕಾರವಿರಬಹುದು. ಭೂತಗನ್ನಡಿಯಲ್ಲಿ ನೋಡಿದರೆ ಅದು ಕಸೂತಿಯ ಒತ್ತುಹೊಲಿಗೆ ಅಥವಾ ಹೆಣಿಗೆ ಎಂಬುದು ಗೊತ್ತಾಗುತ್ತದೆ. ಟ್ಯಾಟಿಂಗ್ ರಿಂಗ್‌ನ ಅಂಚಿನಲ್ಲಿ ಜೋಡಿಜೋಡಿಯಾದ ಗಂಟುಗಳು ಸಾಲಾಗಿ, ಒಂದೇ ಅಳತೆಯಲ್ಲಿ ಎದ್ದು ಕಾಣುತ್ತವೆ, ರಿಂಗ್‌ನ ಬುಡದಲ್ಲಿ ಸಂದಿ ಇರುವುದಿಲ್ಲ. ಓಲೆಗಳನ್ನು ಗಟ್ಟಿಯಾಗಿಸಲು ಯಾವುದನ್ನು ಬಳಸಿದ್ದಾರೆಂದು ಕೇಳಿ ತಿಳಿಯಬೇಕು. ನೀರು ಬೆರೆಸಿದ ಬಿಳಿ ಅಂಟು ಅಥವಾ ಗಂಜಿ ಹಾಕಿದ್ದರೆ ಮಳೆಯಲ್ಲಿ ನೆನೆದಾಗ ಆಕಾರ ಮೆತ್ತಗಾಗುತ್ತದೆ. ಆಗ ಚಪ್ಪಟೆಯಾಗಿ ಹರಡಿ, ಪೀಕೋಗಳನ್ನು ತುಕ್ಕು ಹಿಡಿಯದ ಪಿನ್ನಿನಿಂದ ಬಿಡಿಸಿಟ್ಟು ನೆರಳಿನಲ್ಲಿ ಒಣಗಿಸಿ, ಮತ್ತೆ ಗಂಜಿ ಹಾಕಿಕೊಳ್ಳಬಹುದು.